ಬಹುಪದೋಕ್ತಿಗೆ ವಾಸ್ತು ಇಲ್ಲ

ಪ್ರತಿ ವರ್ಷ ಹತ್ತನೇ ತರಗತಿಗೆ ಬಹುಪದೋಕ್ತಿಯ ಪಾಠ ಶುರುಮಾಡಿದ ದಿನವೇ ಒಬ್ಬಳಾದರೂ ಎದ್ದು ನಿಂತು, "ಮಿಸ್, ಇದು ಲೈಫಲ್ಲಿ ಎಲ್ಲಿ ಯೂಸ್ ಆಗತ್ತೆ?" ಎಂದು ಕೇಳುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಉತ್ತರ ಗೊತ್ತಿಲ್ಲ ಅಂತಲ್ಲ. ಎಸೆದ ಚೆಂಡು ಹೋಗುವ ದಾರಿ, ಸೇತುವೆಯ ಕಮಾನು, ಕಾರ್ಖಾನೆಯ ಖರ್ಚು ಎಂದೆಲ್ಲ ಹೇಳುತ್ತೇನೆ. ಅವರು ತಲೆಯಾಡಿಸುತ್ತಾರೆ, ನಂಬುವುದಿಲ್ಲ. ಹೇಳುವಾಗ ನನಗೂ ಅಷ್ಟೇನೂ ನಂಬಿಕೆ ಇರುತ್ತಿರಲಿಲ್ಲ, ನಮ್ಮ ಓನರ್ ಆಂಟಿಗೆ ಪಾಠ ಹೇಳುವವರೆಗೆ.

ನಾನು ಗದಗದ ಕಡೆಯವಳು. ಯಲಹಂಕದ ಹತ್ತಿರದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ಅಲ್ಲೇ ಪಕ್ಕದ ಕೋಗಿಲಿನಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಕೆಳಗೆ ಓನರ್ ಅಂಕಲ್ ಮತ್ತು ಆಂಟಿ. ಅಂಕಲ್ ಅವರ ಅಪ್ಪ ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಹೊಲ ಈಗ ಸೈಟುಗಳಾಗಿದೆ. ಅಂಕಲ್ ಒಂದೊಂದರಲ್ಲಿ ಒಂದೊಂದು ಮನೆ ಕಟ್ಟಿಸುತ್ತಾರೆ. ಮನಸ್ಸು ಒಳ್ಳೆಯದು, ಬಾಯಿ ದೊಡ್ಡದು. ಮನೆಗೆ ಯಾರೇ ಬರಲಿ, ಬ್ರೋಕರ್ ಇರಲಿ, ಮೇಸ್ತ್ರಿ ಇರಲಿ, "ನಮ್ಮನೆಯೋಳ್ನ ಮಾತ್ರ ಅಳತೆ ಕೇಳ್ಬೇಡಿ. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಡುಮ್ಕಿ!" ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು. ನಾನು ಮನೆ ನೋಡಲು ಬಂದ ದಿನವೂ ಅದನ್ನೇ ಹೇಳಿದರು. ಆಂಟಿಯೂ ನಕ್ಕು ನನ್ನ ಕೈಗೆ ಕಾಫಿ ಕೊಟ್ಟರು.

ಅಂಥ ಆಂಟಿ ಒಂದು ಸಂಜೆ ಹತ್ತನೇ ತರಗತಿಯ ಗಣಿತ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಹಡಿ ಹತ್ತಿ ಬಂದರು. ಐವತ್ತು ದಾಟಿದ ಹೆಂಗಸು, ಮುಖ ಕೆಂಪಾಗಿತ್ತು.

"ಮಿಸ್ಸೇ, ನಾನು ಎಸ್ಸೆಸ್ಸೆಲ್ಸಿ ಪ್ರೈವೇಟಾಗಿ ಕಟ್ಟಿದೀನಿ. ಮಿಕ್ಕಿದ್ದೆಲ್ಲ ಓದ್ಕೊಂತೀನಿ. ಲೆಕ್ಕ ಒಂದು ಏಳ್ಕೊಡ್ತೀರಾ?"

"ಈಗ್ಯಾಕ್ರೀ ಆಂಟಿ ಇದೆಲ್ಲಾ?"

"ಆ ಡುಮ್ಕಿ ಅನ್ನೋ ಮಾತು ನನ್ ಮನೇಲಿ ನಿಲ್ಬೇಕು. ಅದಕ್ಕೆ. ಪಾಸಾಗೋಗಂಟ ಅವ್ರಿಗೆ ಗೊತ್ತಾಗ್ಬಾರ್ದು."

ನನಗೆ ಆ ಕ್ಷಣವೇ ಅವರ ಮೇಲೆ ಪ್ರೀತಿ ಬಂತು. ಆಂಟಿ ನನ್ನ ಟೀವಿಯಲ್ಲಿ ಧಾರಾವಾಹಿ ನೋಡಲು ಬರುತ್ತಾರೆ ಎಂದು ಅಂಕಲ್‌ಗೆ ಹೇಳುವುದೆಂದು ಇಬ್ಬರೂ ಮಾತಾಡಿಕೊಂಡೆವು.

ಅವರಿಗೆ ಎಕ್ಸ್ ತೊಂದರೆ ಕೊಡಲಿಲ್ಲ. "ಇನ್ನೂ ಟೇಪ್ ಇಟ್ಟು ನೋಡಿಲ್ದಿರೋ ಅಳತೆ, ಅಷ್ಟೇ ತಾನೆ?" ಎಂದರು. ಎಕ್ಸ್ ವರ್ಗಕ್ಕೆ ಎಕ್ಸ್ ಕೂಡಿಸಿ ಒಂದೇ ಪದ ಮಾಡಬಾರದು ಎಂಬುದನ್ನು ನಮ್ಮ ಮಕ್ಕಳಿಗೆ ವರ್ಷವಿಡೀ ಬಡಿದುಕೊಂಡು ಹೇಳಬೇಕು. ಆಂಟಿ ಮಾತ್ರ, "ಚದರಡಿಗೆ ಅಡಿ ಎಂಗ್ ಸೇರುಸ್ತಾರೆ?" ಎಂದು ಅದನ್ನು ತಾವೇ ಮುಗಿಸಿದರು. ನಾನು ಉಬ್ಬಿಹೋದೆ. ಇವರು ಪಾಸಾಗುವುದೇನು, ಒಳ್ಳೆಯ ಮಾರ್ಕ್ಸೇ ತೆಗೆಯುತ್ತಾರೆ ಅಂದುಕೊಂಡೆ. ಆ ಹುರುಪಿನಲ್ಲೇ, ಸೈಟಿನ ಮನೆಯವರಿಗೆ ಸೈಟಿನ ಲೆಕ್ಕವನ್ನೇ ಕೊಡೋಣ ಎಂದು ಒಂದು ಲೆಕ್ಕ ಕಟ್ಟಿದೆ. ಮೂವತ್ತು ನಲವತ್ತರ ಸೈಟು. ಸುತ್ತ ನಾಲ್ಕೂ ಕಡೆ ಸಮನಾಗಿ ಜಾಗ ಬಿಟ್ಟು ಮನೆ ಕಟ್ಟಬೇಕು. ಮನೆ ಆರುನೂರು ಚದರಡಿ ಬರಬೇಕು. ಎಷ್ಟು ಬಿಡಬೇಕು?

ಅಲ್ಲೇ ಕೆಟ್ಟಿತು ನೋಡಿ. ಆಂಟಿ ಚಿತ್ರ ಬರೆದರು. ಉತ್ತರಕ್ಕೆ ಒಂದಿಷ್ಟು, ಪೂರ್ವಕ್ಕೆ ಇನ್ನೊಂದಿಷ್ಟು, ದಕ್ಷಿಣ ಪಶ್ಚಿಮಕ್ಕೆ ಚೂರುಪಾರು.

"ಹಿಂಗಲ್ರೀ ಆಂಟಿ. ನಾಕೂ ಕಡೆ ಎಕ್ಸ್ ಬಿಡಬೇಕು."

"ಎಂಗಾಯ್ತದೆ ಮಿಸ್ಸೇ? ಈಶಾನ್ಯಕ್ಕೆ ಜಾಸ್ತಿ ಬಿಡ್ಬೇಕು. ನಾಲ್ಕೂ ಕಡೆ ಒಂದೇ ಬಿಟ್ರೆ ಆ ಮನೇಲಿ ಯಾರ್ ಉದ್ಧಾರ ಆಯ್ತಾರೆ?"

"ಲೆಕ್ಕದಾಗ ಈಶಾನ್ಯ ಇರಂಗಿಲ್ರೀ!"

"ಈಶಾನ್ಯ ಇಲ್ದಿರೋ ಸೈಟು ಎಲ್ಲೈತೆ, ತೋರ್ಸಿ."

ಅವರು ನಾಲ್ಕು ಕಡೆಗೆ ನಾಲ್ಕು ಅಕ್ಷರ ಇಟ್ಟರು. ಒಂದೇ ಸಮೀಕರಣ, ನಾಲ್ಕು ಗೊತ್ತಿಲ್ಲದ ಸಂಖ್ಯೆ. ಬ್ರಹ್ಮ ಬಂದರೂ ಬಿಡಿಸಲಾರ. ಇದು ಹಟವಲ್ಲ, ಅವರ ಕೈ ಅಭ್ಯಾಸ. ಮದುವೆಯಾಗಿ ಬಂದಾಗಿನಿಂದ ಅವರು ಕಂಡ ಮನೆಗಳೆಲ್ಲ ಈಶಾನ್ಯಕ್ಕೆ ಜಾಗ ಬಿಟ್ಟ ಮನೆಗಳೇ. ಪರೀಕ್ಷೆಯಲ್ಲೂ ಹೀಗೇ ಬರೆದು ಬಂದರೆ ಈ ಸಲವೂ ಡುಮ್ಕಿಯೇ ಎಂದು ನನಗೆ ದಿಗಿಲಾಯಿತು. ಆ ದಿಗಿಲಿಗೇ ದನಿ ಏರಿಸಿ, "ಪುಸ್ತಕ ಸಮ ಅಂದ್ರ ಸಮ, ಸುಮ್ನ ಬರೀರಿ" ಎಂದೆ. ಆಂಟಿ ಪುಸ್ತಕ ಮುಚ್ಚಿ ಕೆಳಗೆ ಹೋದರು. ಮರುದಿನ ಬರಲಿಲ್ಲ.

ಅದರ ಮರುದಿನ ಅವರೆಕಾಳಿನ ಉಪ್ಪಿಟ್ಟು ಹಿಡಿದುಕೊಂಡು ಬಂದರು. ನಮ್ಮ ಜಗಳ ಮುಗಿಯಲು ಅಷ್ಟು ಸಾಕಾಯಿತು. ನಾನು ಮನೆಯನ್ನು ಬಿಟ್ಟು ಪಾರ್ಕು ಮಾಡಿದೆ, ಪಾರ್ಕಿನ ನಡುವೆ ಕೊಳ. "ನೀರು ಈಶಾನ್ಯದಲ್ಲೇ ಇರ್ಬೇಕು" ಎಂದರು ಆಂಟಿ, ಪಾಪ, ಬಹಳ ಸಂಕೋಚದಿಂದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ಅವರ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋದೆ. ಹಾಲಿನ ಗೋಡೆಯ ಮೇಲೆ ಅವರ ಅತ್ತೆ ಮಾವನ ದೊಡ್ಡ ಫೋಟೊ, ಸುತ್ತ ಒಂದೇ ಅಗಲದ ಮರದ ಚೌಕಟ್ಟು.

"ಇದಕ್ಕ ಈಶಾನ್ಯ ಐತೇನ್ರೀ?" ಎಂದು ಕಿವಿಯಲ್ಲಿ ಕೇಳಿದೆ.

ಆಂಟಿ ಫೋಟೊವನ್ನೇ ನೋಡುತ್ತಾ ನಿಂತರು. ಸೋಫಾದಲ್ಲಿದ್ದ ಅಂಕಲ್ ತಲೆಯೆತ್ತಿ, "ಏನ್ರಮ್ಮ ಅಂಗ್ ನೋಡ್ತಿದೀರಾ?" ಎಂದರು.

"ಧೂಳು ಕುಂತೈತೆ" ಎಂದು ಆಂಟಿ ನನ್ನನ್ನು ಎಳೆದುಕೊಂಡು ಮತ್ತೆ ಮೇಲೆ ಬಂದರು. ಬಂದವರೇ ಸೈಟನ್ನು ಚೌಕಟ್ಟು ಮಾಡಿ, ಅಡಿಯನ್ನು ಇಂಚು ಮಾಡಿ, ಮೂವತ್ತರಿಂದ ಎರಡು ಎಕ್ಸ್ ಕಳೆದರು, ನಲವತ್ತರಿಂದ ಎರಡು ಎಕ್ಸ್ ಕಳೆದರು, ಗುಣಿಸಿ ಆರುನೂರಕ್ಕೆ ಸಮ ಮಾಡಿದರು. ಅಪವರ್ತಿಸಿದಾಗ ಐದು ಬಂತು, ಮೂವತ್ತೂ ಬಂತು.

"ಮೂವತ್ತು ಯಾಕ್ ಬಂತು?"

"ಕಾಗದದ ಮ್ಯಾಲೆ ಅದೂ ಕರೆಕ್ಟ್ ಐತ್ರೀ. ಮೈನಸ್ಸಿಗೆ ಮೈನಸ್ ಗುಣಿಸಿ ಆರುನೂರು ಬರತೈತಿ. ಆದ್ರ ಮೂವತ್ತು ಇಂಚಿನ ಫ್ರೇಮಿಗೆ ನಾಕೂ ಕಡೆ ಮೂವತ್ತು ಇಂಚು ಮರ ಹೊಡದ್ರ ಏನ್ ಉಳೀತದ?"

"ನಮ್ಮತ್ತೇನೂ ಇಲ್ಲ ಮಾವನೂ ಇಲ್ಲ, ಬರೀ ಸೌದೆ!" ಎಂದು ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಕೇಳಿದವರು ಯಾರೂ ನಾವು ಗಣಿತ ಓದುತ್ತಿದ್ದೆವು ಎಂದು ನಂಬುತ್ತಿರಲಿಲ್ಲ. ಆಮೇಲಿನಿಂದ ನನ್ನ ತರಗತಿಯಲ್ಲೂ ಈ ಲೆಕ್ಕಕ್ಕೆ ಚೌಕಟ್ಟಿನ ಚಿತ್ರವನ್ನೇ ಬರೆಯುತ್ತೇನೆ.

ಪರೀಕ್ಷೆಗಳಿಗೆ ಆಂಟಿ ಚಿಕ್ಕಜಾಲದ ತಂಗಿ ಮನೆಗೆ ಹೋಗುವ ನೆಪ ಹೇಳಿ ಹೋದರು. ಗಣಿತದ ದಿನ ಸ್ಟಾಫ್ ರೂಮಿನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲು ಆ ಲೆಕ್ಕವನ್ನೇ ಹುಡುಕಿದೆ. ಒಂದು ಮನೆ, ಅದರ ಸುತ್ತ ಎಲ್ಲ ಕಡೆ ಸಮ ಅಗಲದ ಹಾದಿ. ಚೌಕಟ್ಟಲ್ಲ, ಪಾರ್ಕಲ್ಲ, ಮನೆಯೇ. ಆ ಮಧ್ಯಾಹ್ನ ಊಟ ಸೇರಲಿಲ್ಲ. ಸಂಜೆ ಗೇಟಿನ ಹತ್ತಿರವೇ ಆಂಟಿಯನ್ನು ಹಿಡಿದು ಕೇಳಿದೆ.

"ಮನೆ ಅಂತ ಕೊಟ್ಟಿದ್ರು ಮಿಸ್ಸೇ. ಓದ್ದಾಗ ಕೈ ಈಶಾನ್ಯಕ್ಕೇ ಓಯ್ತು" ಎಂದು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಮ್ಮತ್ತೇನ ನೆನುಸ್ಕೊಂಡು ನಾಲ್ಕೂ ಕಡೆ ಸಮ ಬಿಟ್ಟೆ."

ಫಲಿತಾಂಶ ಬಂದ ಬೆಳಿಗ್ಗೆ ನನ್ನ ಮೊಬೈಲಿನಲ್ಲೇ ನೋಡಿದೆವು. ಎಲ್ಲ ವಿಷಯದಲ್ಲೂ ಪಾಸು, ಗಣಿತದಲ್ಲೂ ಪಾಸು. ಆಂಟಿ ಕಣ್ಣೊರೆಸಿಕೊಂಡು, ನನ್ನ ಮೊಬೈಲನ್ನೇ ಹಿಡಿದು ಕೆಳಗಿಳಿದರು. ನಾನೂ ಹಿಂದೆಯೇ ಹೋದೆ.

ಅಂಕಲ್ ದೋಸೆ ತಿನ್ನುತ್ತಿದ್ದರು. ಮೊದಲು ತಮಾಷೆ ಅಂದುಕೊಂಡರು. ಆಮೇಲೆ ಕನ್ನಡಕ ಹಾಕಿಕೊಂಡು ಓದಿ, "ಅಯ್ಯೋ, ನಿಜ್ವಾಗ್ಲೂ! ಇರು, ಸ್ವೀಟ್ ತರ್ತೀನಿ, ಬೀದಿಗೆಲ್ಲ ಅಂಚ್ತೀನಿ" ಎಂದು ಎದ್ದೇ ಬಿಟ್ಟರು. ಅವರ ಸಂತೋಷದಲ್ಲಿ ಸುಳ್ಳಿರಲಿಲ್ಲ.

"ಆಮೇಲ್ ತರೋರಂತೆ, ಕೂತ್ಕೊಳಿ" ಎಂದರು ಆಂಟಿ. ಅಂಕಲ್ ಕೂತರು. "ನೀವು ಡುಮ್ಕಿ ಡುಮ್ಕಿ ಅಂದಾಗೆಲ್ಲ ನಾನು ನಗ್ತಿದ್ನಲ್ಲ, ಅದು ನಗು ಅಲ್ಲ ಕಣ್ರೀ."

ಅಂಕಲ್ ಮುಖ ಸಣ್ಣದಾಯಿತು. "ಮೊದ್ಲೇ ಅನ್ಬಾರ್ದಿತ್ತಾ?"

"ಡುಮ್ಕಿ ಒಡ್ದೋಳು ಬೇಜಾರಾಯ್ತು ಅಂದಿದ್ರೆ ಅದಕ್ಕೂ ನಗ್ತಿದ್ರಿ. ಅದಕ್ಕೇ ಪಾಸಾದ್ಮೇಲೆ ಅಂತಿದೀನಿ."

ಅಂಕಲ್ ದೋಸೆಯ ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ, "ತಪ್ಪಾಯ್ತು ಕಣೇ" ಎಂದರು. ಆಂಟಿ ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತರು.