ರಾಯ್‌ಚಕ್ ದಾರಿಯಲ್ಲಿ ಸುತ್ತಿಕೊಳ್ಳದ ಹಾಯಿ

ಸೆಪ್ಟೆಂಬರ್ ೧೭, ಬೆಳಗ್ಗೆ ಆರು ಹತ್ತು. ಬಾಲಿಗಂಜ್‌ನಲ್ಲಿ ಡೈಮಂಡ್ ಹಾರ್ಬರ್ ಲೋಕಲ್ ಹತ್ತಿದೆ. ಟಿಕೆಟ್ ಹದಿನೈದು ರೂಪಾಯಿ. ದಾರಿ ಸುಮಾರು ಒಂದೂವರೆ ಗಂಟೆ. ಮೋಡವಿತ್ತು, ಮಳೆಯಿರಲಿಲ್ಲ. ಅಂದು ವಿಶ್ವಕರ್ಮ ಪೂಜೆ. ನಮ್ಮ ಆಯುಧಪೂಜೆಯ ಹಾಗೆ ಇಲ್ಲಿ ಯಂತ್ರಗಳಿಗೆ ಪೂಜೆ, ರಜೆ. ಜನ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತಾರೆ. ಕಳೆದ ಚಳಿಗಾಲದಲ್ಲಿ ಕೋಲ್ಕತ್ತಕ್ಕೆ ಬಂದ ನನಗೆ ಇದು ಮೊದಲನೆಯದು.

ಡೈಮಂಡ್ ಹಾರ್ಬರ್ ಸ್ಟೇಷನ್ನಿನಲ್ಲಿ ಡೆನ್ಜಿಲ್ ಕಾಯುತ್ತಿದ್ದ. ಮಂಗಳೂರಿನವನು, ಕಸ್ಬಾದ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು. ಉಳಿತಾಯವೆಲ್ಲ ಸುರಿದು ಹಳೆಯದೊಂದು ಹಾಯಿದೋಣಿ ಕೊಂಡಿದ್ದ. ವಿಮೆ ಇನ್ನೂ ಆಗಿರಲಿಲ್ಲ. ಅದನ್ನು ಹೂಗ್ಲಿ ನದಿಯಲ್ಲಿ ಮೇಲಕ್ಕೆ, ರಾಯ್‌ಚಕ್‌ಗೆ ಒಯ್ಯಬೇಕಿತ್ತು. ದಾರಿ ತೋರಿಸಲು ಬಂದ ಅಂಬಿಗ, ಮಾಝಿ ಹರಿಪದನದು ಒಂದೇ ಷರತ್ತು: ಇವತ್ತು ಎಂಜಿನ್ ಮುಟ್ಟಕೂಡದು. ಅವನೇ ಅದಕ್ಕೆ ಚೆಂಡುಹೂವಿನ ಹಾರ ಹಾಕಿ ಸಿಂಧೂರ ಹಚ್ಚಿದ್ದ.

"ಆಜ್ ಇಸ್ಕಾ ಛುಟ್ಟಿ ಹೈ, ದಿದಿ," ಎಂದ. ಇವತ್ತು ಅದಕ್ಕೂ ರಜೆಯಂತೆ.

"ಇರಲಿ ಮಾರಾಯ್ತಿ, ಅದಕ್ಕೆ ಹೂ, ನಮಗೆ ಲೂಚಿ," ಎಂದು ಡೆನ್ಜಿಲ್ ಪೊಟ್ಟಣ ಬಿಚ್ಚಿದ. ಮೈದಾ ಪೂರಿಯಂಥ ಲೂಚಿ, ಆಲೂ ದಮ್ ತಿಂದು ಹೊರಟೆವು.

ಬೆನ್ನಿಗೆ ದಕ್ಷಿಣದ ಗಾಳಿ, ಕೆಳಗೆ ಉಬ್ಬರದ ನೀರು. ಮುಂದಿನ ಹಾಯಿಯೊಂದೇ ಸಾಕಾಯಿತು. ಅದನ್ನು ಪರದೆಯಂತೆ ಸುತ್ತಲು ಫರ್ಲರ್ ಎಂಬ ಸಾಧನವಿದೆ: ಹಗ್ಗ ಎಳೆದರೆ ಕೆಳಗಿನ ಡ್ರಮ್ಮು, ತುದಿಯ ತಿರುಗುಣಿ ಎರಡೂ ತಿರುಗಿ ಹಾಯಿ ಸುತ್ತಿಕೊಳ್ಳುತ್ತದೆ. ಹೊರಡುವ ಮುಂಚೆ ಬಿಚ್ಚಿ ಸುತ್ತಿ ನೋಡಿದ್ದೆವು, ಸರಿಯಾಗಿತ್ತು.

ರಾಯ್‌ಚಕ್ ಕಾಣಿಸಿದಾಗ ಹನ್ನೊಂದೂವರೆ. ಡೆನ್ಜಿಲ್ ಹಗ್ಗ ಎಳೆದ. ಹಾಯಿ ಅರ್ಧ ಸುತ್ತಿ ನಿಂತಿತು. ಉಳಿದರ್ಧ ಚೀಲದಂತೆ ಉಬ್ಬಿ ದೋಣಿಯ ಮೂತಿಯನ್ನು ಅತ್ತಿತ್ತ ತಿರುಗಿಸತೊಡಗಿತು. ಮುಂದೆ ಲಂಗರು ಹಾಕಿದ್ದ ಸರಕಿನ ಬಾರ್ಜ್, ಅದರ ಮೇಲೆ ಒಬ್ಬರೂ ಇಲ್ಲ. ನೀರು ನಮ್ಮನ್ನು ಆ ಕಬ್ಬಿಣದ ಗೋಡೆಯ ಕಡೆಗೇ ಒಯ್ಯುತ್ತಿತ್ತು.

"ಎಂಜಿನ್," ಎಂದ ಡೆನ್ಜಿಲ್.

ಹರಿಪದ ಬೇಡವೆಂದು ತಲೆಯಾಡಿಸಿ ಲಂಗರು ಬಿಟ್ಟ. ಮೂತಿ ದಕ್ಷಿಣಕ್ಕೆ ತಿರುಗಿತು, ಆದರೆ ಲಂಗರು ಹೂಳಿನಲ್ಲಿ ಜಾರುತ್ತಿತ್ತು. ಬಡಿದಾಡುವ ಹಾಯಿ ಅದನ್ನು ಕಚ್ಚಲು ಬಿಡುತ್ತಿರಲಿಲ್ಲ.

ನಾನು ಕೆಳಗಿನಿಂದ ಶುರುಮಾಡಿದೆ. ಡ್ರಮ್ಮಿನಲ್ಲಿ ಹಗ್ಗದ ಮೇಲೆ ಹಗ್ಗ ಬಿದ್ದು ಸಿಕ್ಕಾಗಿರಲಿಲ್ಲ. ಮರಳು ಸೇರಿರಬಹುದೆಂದು ನೀರು ಸುರಿದೆ, ಕದಲಲಿಲ್ಲ. ಹಾಯಿ ಏರಿಸುವ ಹಗ್ಗವನ್ನು ತುಸು ಸಡಿಲಿಸಿದೆ. ಹಾಯಿ ಇಳಿಯಲೂ ಇಲ್ಲ. ಅಂದರೆ ತೊಂದರೆ ಇದ್ದದ್ದು ತುದಿಯಲ್ಲಿ.

ಮೂವರಲ್ಲಿ ಹಗುರ ನಾನೇ. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂರಿಸಿ ಇಬ್ಬರೂ ನನ್ನನ್ನು ಹಾಯಿ ಕಟ್ಟುವ ಕೂವೆಮರದ ತುದಿಗೆ ಎಳೆದರು. ತಿರುಗುಣಿಗೆ ಗಾಳಿಪಟದ, ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಅಲ್ಲಿಗೆ ಕಾರಣ ಸಿಕ್ಕಿತು.

ಆದರೆ ದಾರದ ಇನ್ನೊಂದು ತುದಿ ಕೆಳಗೆ ನೇತಾಡುತ್ತಿರಲಿಲ್ಲ. ಅದು ಗಾಳಿ ಬರುವ ದಿಕ್ಕಿಗೆ, ದಕ್ಷಿಣಕ್ಕೆ, ಖಾಲಿ ನದಿಯ ಮೇಲೆ ಬಿಗಿದು ನಿಂತಿತ್ತು. ಎಷ್ಟು ನೋಡಿದರೂ ಪಟವಿಲ್ಲ. ಬೆರಳಿಟ್ಟೆ. ಯಾರೋ ಪಟ ಏರಿಸುವಾಗ ಮಾಡುವ ಹಾಗೆ ಸಣ್ಣಗೆ ಜಗ್ಗುವುದು, ಬಿಡುವುದು, ಮತ್ತೆ ಜಗ್ಗುವುದು. ಬೆರಳು ಕೊಯ್ದಿತು.

"ಬೇಗ ಮಾರಾಯ್ತಿ," ಎಂದು ಕೆಳಗಿನಿಂದ ಡೆನ್ಜಿಲ್ ಕರೆದ. "ಬಾರ್ಜಿನ ತುಕ್ಕಿನ ವಾಸನೆ ಬರ್ತಾ ಉಂಟು."

ಚಾಕುವಿನಿಂದ ಕತ್ತರಿಸಿದೆ. ತುಂಡಾದ ತುದಿ ಬೀಳಲಿಲ್ಲ. ನನ್ನ ಕಣ್ಣಿನ ಎತ್ತರದಲ್ಲೇ, ನಡೆದುಹೋಗುವವರ ವೇಗದಲ್ಲಿ ಗಾಳಿಗೆ ಎದುರಾಗಿ ದೂರವಾಯಿತು. ಮೇಲಿನ ಗಾಳಿಯ ದಿಕ್ಕು ಬೇರೆ ಇರಬಹುದೆಂದು ತಲೆಯೆತ್ತಿದೆ. ಮೋಡಗಳೂ ಉತ್ತರಕ್ಕೇ ಹೋಗುತ್ತಿದ್ದವು.

ಉಳಿದ ಸುತ್ತುಗಳನ್ನು ಬಿಡಿಸಿದೆ. ಡೆನ್ಜಿಲ್ ಎಳೆದ ಕೂಡಲೇ ಹಾಯಿ ಪೂರ್ತಿ ಸುತ್ತಿಕೊಂಡಿತು. ಲಂಗರು ಕಚ್ಚಿತು. ನಾನು ಇಳಿದಾಗ ಬಾರ್ಜ್ ಒಂದು ಬಿದಿರುಗಳುವಿನಷ್ಟು ದೂರದಲ್ಲಿತ್ತು. ಡೆನ್ಜಿಲ್ ಕೂತಲ್ಲೇ ಮುಖ ಒರೆಸಿಕೊಂಡ.

"ನೀನು ಇಷ್ಟು ಜೋರಾಗಿ ಕೂಗ್ತೀ ಅಂತ ಗೊತ್ತಿರಲಿಲ್ಲ," ಎಂದ.

"ಏನು ಕೂಗಿದೆ?"

"ಭೋಕಾಟ್ಟಾ. ಇಲ್ಲಿಯವರು ಇನ್ನೊಬ್ಬರ ಪಟ ಕೊಯ್ದಾಗ ಕೂಗುವುದು ಹಾಗೇ ಅಲ್ವಾ?"

ಆ ಪದ ನಾನು ಕೇಳಿದ್ದು ಅದೇ ಮೊದಲು. ಕೂಗಿಲ್ಲ ಎಂದೆ.

"ಮತ್ತೆ ನಾನಾ? ನಿನ್ನದೇ ಸ್ವರ."

ಹರಿಪದ ಲಂಗರಿನ ಹಗ್ಗದಿಂದ ಕಣ್ಣು ತೆಗೆಯಲಿಲ್ಲ. "ದೋ ಬಾರ್," ಎಂದ. ಮೊದಲನೆಯದು ಮೇಲಿನಿಂದ, ಎರಡನೆಯದು ದೂರ, ದಾರ ಹೋದ ಕಡೆಯಿಂದ. ಎರಡೂ ಸಲ ದಿದಿಯ ದನಿಯೇ ಅಂದ.

ಉಬ್ಬರ ನಿಂತ ಮೇಲೆ ದೊಡ್ಡ ಹಾಯಿ ಏರಿಸಿ ರಾಯ್‌ಚಕ್ ಸೇರಿದೆವು. ಅಲ್ಲಿ ಯಾರೂ ಪಟ ಹಾರಿಸುತ್ತಿರಲಿಲ್ಲ. ಸಂಜೆ ನಾನೂ ಡೆನ್ಜಿಲ್ಲೂ ಬಸ್ಸು ಹತ್ತಿದೆವು. ನದಿ ಮರೆಯಾಗುವವರೆಗೂ ನಾನು ಕಿಟಕಿಯಿಂದ ದಕ್ಷಿಣಕ್ಕೇ ನೋಡುತ್ತಿದ್ದೆ.

ಫರ್ಲರ್ ಸಿಕ್ಕಿಕೊಂಡ ಕಾರಣ ನನಗೆ ಗೊತ್ತಾಗಿದೆ. ಗಾಳಿಗೆ ಎದುರಾಗಿ ದಾರ ಹೇಗೆ ನಿಲ್ಲುತ್ತದೆ, ಆ ದಾರಿಯಲ್ಲಿ ಬೇರೆ ಯಾರದಾದರೂ ದನಿ, ಅವರು ಕೂಗದೆಯೇ, ಜೊತೆಯವರಿಗೆ ಕೇಳಿಸಿದೆಯೇ ಎಂಬುದು ಗೊತ್ತಿಲ್ಲ. ತಿಳಿದವರು ಪತ್ರಿಕೆಗೆ ಬರೆಯಿರಿ. ಡೆನ್ಜಿಲ್ ಮುಂದಿನ ತಿಂಗಳು ದೋಣಿಯನ್ನು ಅದೇ ದಾರಿಯಲ್ಲಿ ವಾಪಸು ತರಬೇಕು; ಅದಕ್ಕೆ ಮುಂಚೆ ಬರೆದರೆ ಉಪಕಾರ.