ಲಿಫ್ಟು ಹೊರಡುವ ಮೊದಲೇ ಕತ್ತರಿಸಿಟ್ಟ ಮಹಡಿಗಳು

“ಅಲ್ಲ ಮೇಡಂ, ಮಹಡಿ ಹೆಸರು ಬಿಡಿಸ್ಕೊಳ್ಳೋಕೆ ಲಿಫ್ಟಿಗೆ ಎಷ್ಟು ಹೊತ್ತು ಬೇಕು? ಹತ್ತುತ್ತಾ ಹತ್ತುತ್ತಾ ಬಿಡಿಸ್ಕೊಳ್ಳಲಿ ಬಿಡಿ” ಎಂದರು ನಮ್ಮ ಹೊಸ ಮ್ಯಾನೇಜರು.

“ನೆಂಟರು ಊಟಕ್ಕೆ ಕೂತ ಮೇಲೆ ತರಕಾರಿ ಹೆಚ್ಚೋಕೆ ಶುರು ಮಾಡ್ತೀರಾ ಸಾರ್?” ಎಂದರು, ನಾವೆಲ್ಲ ಬೆನ್ನ ಹಿಂದೆ ‘ಕತ್ತರಿ ಮೇಡಂ’ ಎಂದು ಕರೆಯುವ, ಅದು ಗೊತ್ತಿದ್ದೂ ಗೊತ್ತಿಲ್ಲದಂತಿರುವ, ಇದೀಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಸಹೋದ್ಯೋಗಿ.

ಲಿಫ್ಟಿನೊಳಗಿನ ಪುಟ್ಟ ಫಲಕದಲ್ಲಿ ಮಹಡಿಯ ಹೆಸರು ಮೂಡಿಸುವ ಪ್ರೋಗ್ರಾಂ ಬರೆಯುವವರ ಲೋಕ ತೀರ ಚಿಕ್ಕದು. ಆ ಚಿಕ್ಕ ಲೋಕದಲ್ಲಿ ಮೇಡಂ ಅವರಷ್ಟು ದೊಡ್ಡವರು ಇನ್ನೊಬ್ಬರಿಲ್ಲವೆಂದರೆ ಉತ್ಪ್ರೇಕ್ಷೆಯಾಗದು. ಗಿರಾಕಿಗಳು ಎಲ್ಲ ಮಹಡಿಗಳ ಹೆಸರನ್ನೂ ಅಲ್ಪವಿರಾಮ ಹಾಕಿ ಒಂದೇ ಉದ್ದ ಸಾಲಿನಲ್ಲಿ ಕಳಿಸುತ್ತಾರೆ. ಅದನ್ನು ತುಂಡುತುಂಡಾಗಿ ಬಿಡಿಸಬೇಕು. ಫಲಕದೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿಗೋ ನೆನಪಿನ ಶಕ್ತಿ ಅಷ್ಟಕ್ಕಷ್ಟೆ. ಆದ್ದರಿಂದ ಚಿಪ್ಪು ಕಣ್ಣು ಬಿಡುವ ಮೊದಲೇ, ಪ್ರೋಗ್ರಾಂ ಕಂಪೈಲ್ ಆಗುವಾಗಲೇ, ಅಂದರೆ ನಾವು ಬರೆದದ್ದನ್ನು ಚಿಪ್ಪಿನ ಭಾಷೆಗೆ ಇಳಿಸುವ ಕಂಪೈಲರಿನ ಕೈಯಲ್ಲಿ, ಸಾಲನ್ನು ಕತ್ತರಿಸಿ ಇಡಿಸುವುದು ಮೇಡಂ ಕಂಡುಕೊಂಡ ದಾರಿ. ಅದಕ್ಕೆ ಅವರು ಬಳಸಿದ್ದು ಟೆಂಪ್ಲೇಟುಗಳನ್ನು, ಅಂದರೆ ತನ್ನಂಥದೇ ಇನ್ನೊಂದನ್ನು ಹುಟ್ಟಿಸಬಲ್ಲ ಅಚ್ಚುಗಳನ್ನು. ಅಣ್ಣ ಸಾಲಿನ ಮೊದಲ ಅಕ್ಷರ ಎತ್ತಿಕೊಂಡು ಉಳಿದದ್ದನ್ನು ತಮ್ಮನಿಗೆ ದಾಟಿಸುತ್ತಾನೆ, ಅವನು ತನ್ನ ತಮ್ಮನಿಗೆ. ಅಲ್ಪವಿರಾಮ ಸಿಕ್ಕವನು ಅಲ್ಲಿಗೊಂದು ಗಂಟು ಕಟ್ಟುತ್ತಾನೆ. ದಾಟಿಸಲು ಏನೂ ಉಳಿಯದ ಕಡೆಯ ತಮ್ಮ ಗಂಟುಗಳನ್ನೆಲ್ಲ ಒಪ್ಪಿಸುತ್ತಾನೆ. ಅಷ್ಟೂ ಮಂದಿ ತಮ್ಮಂದಿರನ್ನು ಹೆರುವ ಕಷ್ಟ ಕಂಪೈಲರಿನದು. ಹಾಗಾಗಿ ಕೆಲಸ ನಿಧಾನ.

ಆ ನಿಧಾನವೇ ನನ್ನ ಪಾಠಶಾಲೆ. ನಾನು ಈ ಕಚೇರಿಗೆ ಬಂದದ್ದು ಲಿಫ್ಟು ಮೆಕ್ಯಾನಿಕ್ ಆಗಿ, ಫಲಕಕ್ಕೆ ವೈರು ಜೋಡಿಸಲು. ಕಂಪೈಲಿಗೆ ಹಾಕಿದೊಡನೆ ಮೇಡಂ ಪಕ್ಕಕ್ಕೊಂದು ಕುರ್ಚಿ ಎಳೆದು, ಇದು ಮುಗಿಯುವವರೆಗೆ ಕೂತುಕೊಳ್ಳಿ, ಒಂದು ವಿಷಯ ಹೇಳಿಕೊಡುತ್ತೇನೆ ಎನ್ನುತ್ತಿದ್ದರು. ನನ್ನ ಪ್ಯಾಂಟಿನ ಗ್ರೀಸು ಆ ಕುರ್ಚಿಯಲ್ಲಿ ಇಂದಿಗೂ ಇದೆ. ಒರೆಸಲು ಬಂದವರನ್ನು ಅವರು ತಡೆದರು. ನನಗೆ ಬರುವ ಅಷ್ಟಿಷ್ಟು ವಿದ್ಯೆಯೆಲ್ಲ ಅಂಥ ಬಿಡುವುಗಳಲ್ಲಿ ದಕ್ಕಿದ್ದು. ಎಲ್ಲೋ ಸಣ್ಣ ತಪ್ಪಾಗಿ ಕಂಪೈಲರು ಪರದೆ ತುಂಬ ದೂರು ಸುರಿಸತೊಡಗಿದರೆ ನಾನು ಕುರ್ಚಿ ಬಿಟ್ಟು ಎದ್ದೇಬಿಡುತ್ತಿದ್ದೆ. “ಮಗು ಅಳ್ತಿದೆ, ಅಳಲಿ. ಎಲ್ಲಿ ನೋವು ಅಂತ ಕೊನೇಲಿ ಹೇಳುತ್ತೆ” ಎಂದು ಮೇಡಂ ಕಡೆಯ ಸಾಲಿಗಿಳಿದು ಬೆರಳಿಡುತ್ತಿದ್ದರು. ದಿನವಿಡೀ ಅಲ್ಲೇನು ಮಾಡುತ್ತೀಯೆಂದು ಅವರ ಅತ್ತೆಯವರು ಕೇಳಿದ್ದಕ್ಕೆ ಅಲ್ಪವಿರಾಮ ಹುಡುಕುತ್ತೇನೆ ಎಂದರಂತೆ. ಪಾಪ, ಅಷ್ಟೊಂದು ಕಳೆದುಹೋಗುತ್ತವಾ ಎಂದು ಆ ಹಿರಿಯ ಜೀವ ಮರುಗಿತಂತೆ.

ಮ್ಯಾನೇಜರು ಒಳ್ಳೆಯವರು, ಕಾಯುವುದೊಂದನ್ನು ಬಿಟ್ಟು ಎಲ್ಲವೂ ಬರುತ್ತದೆ. ಮೇಡಂ ಹೊರಟ ದಿನವೇ ಅವರ ಪ್ರೋಗ್ರಾಮನ್ನೂ ತೆಗೆದು, ಹತ್ತುತ್ತಾ ಬಿಡಿಸುವ ತಮ್ಮದನ್ನು ಹಾಕುವುದೆಂದು ಮ್ಯಾನೇಜರ ಯೋಚನೆ. ಒಂದು ಆಸ್ಪತ್ರೆಯ ಲಿಫ್ಟಿನಲ್ಲಿ ಎರಡು ಬಗೆಯನ್ನೂ ಹಾಕಿ ನೋಡುವುದು, ಗೆದ್ದದ್ದು ಉಳಿಯಲಿ ಎಂದು ತೀರ್ಮಾನವಾಯಿತು. ಮೇಡಂ ನಕ್ಕರು. ಆದರೆ ಅಂದು ಅವರ ಮುಂದಿನ ಟೀ ಹಾಗೇ ಆರಿತು. ಬರೆದವರನ್ನು ಹಾರ ಹಾಕಿ ಕಳಿಸುತ್ತಾರೆ, ಬರೆದದ್ದನ್ನು ಗುಡಿಸಿ ಕಳಿಸುತ್ತಾರೆ ಎಂಬ ಸಂಕಟ ಯಾರಿಗಿರದು?

ಆಸ್ಪತ್ರೆಯ ಸಾಲು ಕೊಟ್ಟೊಡನೆ ಮೇಡಂ ಅವರ ಪ್ರೋಗ್ರಾಂ ಗೊಳೋ ಎಂದು ಅತ್ತು, ಕಂಪೈಲ್ ಆಗಲಾರೆ ಎಂದು ಕೂತಿತು. ನಡುವೆ ಒಂದು ತುಂಡು ಖಾಲಿ ಇದೆ ಎಂದು ಮೇಡಂ ಹೇಳುವಷ್ಟರಲ್ಲಿ, ಇದಕ್ಕೆ ಆಗುವುದಿಲ್ಲ ಬಿಡಿ ಎಂದು ಮ್ಯಾನೇಜರು ತಮ್ಮದನ್ನು ಹಾಕಿಕೊಂಡು ಹೊರಟರು. ಸ್ಕ್ರೂಡ್ರೈವರ್ ಹಿಡಿದು ನಾನೂ ಹೋದೆ. ಲಿಫ್ಟಿನಲ್ಲಿ ಆಸ್ಪತ್ರೆಯ ಮುಖ್ಯ ವೈದ್ಯೆಯೂ ಇದ್ದರು. ಫಲಕದಲ್ಲಿ ‘ಆಪರೇಷನ್ ಥಿಯೇಟರ್’ ಎಂದು ಮೂಡಿ ಬಾಗಿಲು ತೆರೆಯಿತು. ಚಾಕು ಹಿಡಿದವರೇನೋ ಇದ್ದರು. ಅವರು ಕ್ಯಾಂಟೀನಿನ ಅಡುಗೆಯವರು, ಕೊಯ್ಯುತ್ತಿದ್ದುದು ಈರುಳ್ಳಿ.

“ಸರ್ಜನ್ನೇ ಕಣ್ಣೀರು ಹಾಕ್ತಿರೋ ಥಿಯೇಟರ್ ಇದೇ ಮೊದಲು ನೋಡಿದ್ದು” ಎಂದರು ಮುಖ್ಯ ವೈದ್ಯೆ.

ನಡೆದದ್ದಿಷ್ಟೆ: ಸಾಲು ಬರೆದವರು ಒಂದೇ ಮಹಡಿಯ ಎರಡು ವಾರ್ಡುಗಳನ್ನು ಬೇರೆ ಬೇರೆ ಬರೆದು, ಆಮೇಲೆ ಒಂದರ ಹೆಸರು ಅಳಿಸಿ, ಅದರ ಎರಡೂ ಬದಿಯ ಅಲ್ಪವಿರಾಮ ಹಾಗೇ ಬಿಟ್ಟಿದ್ದರು. ಆ ಖಾಲಿ ತುಂಡು ತಾನೂ ಒಂದು ಮಹಡಿಯೆಂದು ಕೂತು, ಮುಂದಿನ ಹೆಸರುಗಳನ್ನೆಲ್ಲ ಮೇಲಕ್ಕೆ ತಳ್ಳಿತ್ತು. ಮೇಡಂ ಅವರ ಪ್ರೋಗ್ರಾಂ ಅತ್ತದ್ದು ಇದಕ್ಕೇ. ಮ್ಯಾನೇಜರು ಮರಳಿ ಬಂದು, ಎಲ್ಲರೆದುರು, ಮೇಡಂ ಅವರದೇ ಇರಲಿ ಎಂದರು. ಮೇಡಂ ಆವತ್ತು ಎರಡು ಟೀ ಕುಡಿದರು.

ಅವರ ಆಯುಸ್ಸು ಅವರ ಕಂಪೈಲರಿನ ದೂರಿನಷ್ಟು ಉದ್ದವಾಗಿರಲಿ. ಮನೆಯಲ್ಲಿದ್ದುಕೊಂಡೂ ಅವರು ಕತ್ತರಿಸುತ್ತಲೇ ಇರಲಿ. ಹೇಳಿಕೊಡಲು ಪಕ್ಕದಲ್ಲಿ ಸದಾ ಒಬ್ಬರಿರಲಿ ಎಂದು ನಾವೆಲ್ಲ ಮನಸಾರೆ ಹಾರೈಸುತ್ತೇವೆ.

ಬೀಳ್ಕೊಡುಗೆಯ ದಿನ ಮ್ಯಾನೇಜರು ಮೆಲ್ಲಗೆ ಕೇಳಿದರು: “ನೀವಿಲ್ಲದಾಗ ಅದು ಅತ್ರೆ ಏನ್ಮಾಡೋದು ಮೇಡಂ?”

“ಅಳೋಕೆ ಬಿಡಿ. ಕಡೇ ಸಾಲು ಇವರು ಓದ್ತಾರೆ” ಎಂದು ಮೇಡಂ ನನ್ನ ಕಡೆ ಕೈ ತೋರಿಸಿ ಹೊರಟರು.

ಮಾರನೆಯ ಬೆಳಿಗ್ಗೆ ನಾನು ಕಂಪೈಲಿಗೆ ಹಾಕಿದೆ. ಮ್ಯಾನೇಜರು ಬಂದರು, ಗಡಿಯಾರ ನೋಡಿದರು, ಆಮೇಲೆ ಗ್ರೀಸಿನ ಕಲೆಯ ಆ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತರು.