ಕಾರಿನಡಿಯ ರಂಗೋಲಿ

ಸಕಲ ಸ್ನೇಹಿತರ ಗಮನಕ್ಕೆ: ಪುಟ್ಟೇನಹಳ್ಳಿಯ ನಮ್ಮ ದೊಡ್ಡಪ್ಪನ ಹಳೆಯ ಸ್ಪೋರ್ಟ್ಸ್ ಕಾರಿಗೆ ಇಂದು ಜೀವದಾನ ದೊರೆಯಿತು.

ದಿನಾ ಬೆಳಿಗ್ಗೆ ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬುರೇಟರ್ ಖಾಲಿ, ಮನೆಯೆಲ್ಲ ಪೆಟ್ರೋಲ್ ವಾಸನೆ. ಕಾರಿನಡಿಯ ನೆಲ ಮಾತ್ರ ಒಣಗಿರುತ್ತಿತ್ತು.

"ಲೀಕ್ ಎಲ್ಲಿದೆ ಕಣೇ? ಸುಮ್ನೆ ಆವಿಯಾಗ್ತಿದೆ," ಎಂದರು ದೊಡ್ಡಪ್ಪ.

"ರೀ, ದೀಪ ಹಚ್ಚೋಕೂ ಭಯ ಆಗುತ್ತೆ. ಇವತ್ತೇ ಮಾರ್ಬಿಡಿ!" ಎಂದರು ದೊಡ್ಡಮ್ಮ.

ನಿನ್ನೆ ಸಂಜೆಯೇ ನಾನು ದೊಡ್ಡಮ್ಮನ ರಂಗೋಲಿ ಪುಡಿ ಕದ್ದು ಕಾರಿನಡಿ ತೆಳ್ಳಗೆ ಹರಡಿದ್ದೆ. ಇಂದು ನೋಡಿದರೆ, ಕಾರ್ಬುರೇಟರಿನ ನೇರ ಕೆಳಗೆ ಪುಡಿಯಲ್ಲಿ ಪುಟ್ಟ ಪುಟ್ಟ ಗುಳಿಗಳು. ಪೆಟ್ರೋಲ್ ಹನಿ ಬಿದ್ದು ಆರಿದ ಗುರುತು! ಕಾರ್ಬುರೇಟರ್ ತಳದ ಸ್ಕ್ರೂವಿನ ವಾಷರ್ ಸವೆದಿತ್ತು. ದೊಡ್ಡಪ್ಪ ಹೊಸದು ಹಾಕಿದರು.

ದೊಡ್ಡಮ್ಮ ಬಗ್ಗಿ ನೋಡಿದರು. "ಥೂ, ಇದೂ ಒಂದು ರಂಗೋಲಿನಾ? ನಾಳೆಯಿಂದ ನಾನೇ ಹಾಕ್ತೀನಿ ಬಿಡು."

ಹೀಗಾಗಿ ಮಾರಾಟ ರದ್ದು. ಇನ್ನು ಮುಂದೆ ಅಲ್ಲಿ ಚುಕ್ಕಿ ಇಡುವ ಅಧಿಕಾರ ದೊಡ್ಡಮ್ಮನಿಗೆ ಮಾತ್ರ, ಕಾರಿಗಿಲ್ಲ.